ಟ್ರಂಕಿನ ಪಹಣಿ

ನಾನು ಚಾಮರಾಜನಗರದಲ್ಲಿ ಕಂದಾಯದ ಕಡತ ಹೊತ್ತು ತಲೆ ಬೋಳಾದವನು. ದಾಖಲೆ ಇಲ್ಲದ್ದು ಇಲ್ಲವೇ ಇಲ್ಲ, ಸಹಿ ಇಲ್ಲದ ದಾಖಲೆ ದಾಖಲೆಯೇ ಅಲ್ಲ. ಇಷ್ಟೇ ನನ್ನ ವೇದಾಂತ. 2000ನೇ ಇಸವಿಯ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವಲ್ಲ, ಆಗ ನಾನು ಹೊಸ ಗುಮಾಸ್ತ. ಆ ಮಹಾಕಾರ್ಯದಲ್ಲಿ ನನ್ನ ಪಾಲಿಗೆ ಬಂದದ್ದು ಟೈಪು ಮಾಡುವವರಿಗೆ ಟೀ ತರಿಸುವ ಹೊಣೆ. ಆದರೆ ಬೀಗರ ಮನೆಯಲ್ಲಿ ಮಾತ್ರ, ಆ ಎರಡು ಕೋಟಿಯನ್ನೂ ನಾನೊಬ್ಬನೇ ಬೆರಳು ಸವೆಸಿ ಏರಿಸಿದೆ ಎಂಬ ಅಭಿಪ್ರಾಯ ಹೇಗೋ ಬೆಳೆದುಬಂದಿತ್ತು. ನಾನು ಅದನ್ನು ಅಲ್ಲಗಳೆಯಲು ಹೋಗಿರಲಿಲ್ಲ. ಅಳಿಯನಾದವನಿಗೆ ಅಷ್ಟಾದರೂ ಬೇಡವೇ?

ಮಾವನವರ ಮನೆ ಗುಂಡ್ಲುಪೇಟೆ. ಅಲ್ಲಿಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು. ಅದರೊಳಗೆ ನಾಲ್ಕು ತಲೆಮಾರಿನ ಜನ ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಒಬ್ಬರ ಮೇಲೊಬ್ಬರು ಬಿದ್ದುಕೊಂಡಿದ್ದರು. ಮಾವನವರು ತೀರಿಕೊಂಡ ಮೇಲೆ ಟ್ರಂಕಿನ ಬೀಗದ ಕೈ ಅತ್ತೆಯ ಸೊಂಟಕ್ಕೆ ಬಂತು. ಒಂದು ಹಬ್ಬದ ಊಟದಲ್ಲಿ ಭಾಮೈದ, “ಭಾವ, ಎರಡು ಕೋಟಿ ಪಹಣಿ ಏರಿಸಿದೋರು ನೀವು. ಈ ಒಂದು ಟ್ರಂಕು ನಿಮಗ್ಯಾವ ಲೆಕ್ಕ? ಡಿಜಿಟಲ್ ಮಾಡಿಬಿಡಿ” ಎಂದ. ಎಲೆಯ ಮೇಲೆ ಒಬ್ಬಟ್ಟು ಇರುವಾಗ ಇಲ್ಲ ಅನ್ನುವ ಅಭ್ಯಾಸ ನನಗಿಲ್ಲ.

ನಮ್ಮೂರು ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಎಂಬ ನಂಬಿಕೆ ಬಹಳ ಕಾಲ ಇತ್ತು. 2013ರಲ್ಲಿ ಸಿದ್ದರಾಮಯ್ಯನವರು ಬಂದರು, ಹೋದರು, ಮತ್ತೆ ಬಂದರು, ಐದು ವರ್ಷವನ್ನೂ ಮುಗಿಸಿ ಅದನ್ನು ಸುಳ್ಳು ಮಾಡಿದರು. ಗುಂಡ್ಲುಪೇಟೆಗೆ ಕಾಲಿಟ್ಟ ಅಳಿಯನ ಭಾನುವಾರ ಹೋಗುತ್ತದೆ ಎಂಬುದನ್ನು ಸುಳ್ಳು ಮಾಡುವ ಧೀರ ಇನ್ನೂ ಹುಟ್ಟಬೇಕು.

ಅತ್ತೆ ಒಂದೇ ಷರತ್ತು ಹಾಕಿದರು. “ಟ್ರಂಕು ಹೊಸಿಲು ದಾಟಂಗಿಲ್ಲ ಅಳಿಯಂದ್ರೆ. ನಿಮ್ ಮಿಸನ್ನೇ ಇಲ್ಲಿಗ್ ಬರ್ಲಿ.” ಹೀಗಾಗಿ ಸ್ಕ್ಯಾನರನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಯಜಮಾನರು, ತೂಕದ ಮಿಷನ್ನಾ ಎಂದು ಕೇಳಿದರು. ಅಲ್ಲ ಎಂದು ಸುಮ್ಮನಾಗಬಹುದಿತ್ತು. ನಾನು ಡಿಪಿಐ ಎಂದರೇನು, ಒಂದು ಅಂಗುಲದಲ್ಲಿ 600 ಚುಕ್ಕಿ ಏಕೆ ಬೇಕು, 300 ಏಕೆ ಸಾಲದು ಎಂದು ಶುರು ಮಾಡಿದೆ. ತೆರಕಣಾಂಬಿ ಬಂದಾಗ ಅವರು ಎದ್ದು ಕೈಮುಗಿದು ಹೋದರು. ಗುಂಡ್ಲುಪೇಟೆಯಲ್ಲಿ ಇಳಿಯುವಾಗ ನೋಡಿದರೆ ಹಿಂದಿನ ಬಾಗಿಲಿಂದ ಅವರೂ ಇಳಿಯುತ್ತಿದ್ದರು.

ಸಿದ್ಧತೆಯಲ್ಲಿ ನಾನು ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಬೆರಳ ಜಿಡ್ಡು ತಾಗಬಾರದೆಂದು ಬಿಳಿ ಹತ್ತಿಯ ಕೈಗವಸು, ಧೂಳಿಗೆ ಮೆತ್ತನೆಯ ಬ್ರಷ್ಷು, ಜೊತೆಗೆ ಉದ್ದನೆಯ ಲೆಡ್ಜರು. ಅದರ ಮೊದಲ ಪುಟದಲ್ಲಿ ಕೆಂಪು ಶಾಯಿಯಿಂದ ‘ಫೋಟೊ ಇನ್‌ವರ್ಡ್ ರಿಜಿಸ್ಟರ್’ ಎಂದು ಬರೆದು, ಕೆಳಗೆ ‘ಮೂಲ ದಾಖಲೆಗಳನ್ನು ಯಾವ ಕಾರಣಕ್ಕೂ ತಿದ್ದತಕ್ಕದ್ದಲ್ಲ’ ಎಂದು ಸೇರಿಸಿ ಅಡಿಗೆರೆ ಎಳೆದಿದ್ದೆ. ಕ್ರಮಸಂಖ್ಯೆ, ದಿನಾಂಕ, ಸ್ಥಳ, ಫೋಟೊದಲ್ಲಿರುವವರು, ಗುರುತಿಸಿದವರ ಸಹಿ, ಷರಾ ಎಂದು ಕಾಲಂ ಹೊಡೆಯುತ್ತಿದ್ದವನನ್ನು ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. “ಈ ಶ್ರದ್ಧೆ ಆಫೀಸಿನಲ್ಲಿ ಇದ್ದಿದ್ರೆ ಇಷ್ಟೊತ್ತಿಗೆ ತಹಸೀಲ್ದಾರರ ಹೆಂಡ್ತಿ ಆಗಿರ್ತಿದ್ದೆ” ಎಂದಳು.

ಟ್ರಂಕು ತೆರೆದಾಗ ಮೊದಲು ಸಿಕ್ಕಿದ್ದು ಮಾವನವರ ಆಗ್ಫಾ ಕ್ಲಿಕ್-3. 120 ಅಳತೆಯ ರೋಲು, ರೋಲಿಗೆ ಹನ್ನೆರಡೇ ಚೌಕದ ಚಿತ್ರ. ಮಾವನವರ ಕೈ ಬಿಗಿ. ಯುಗಾದಿಗೆ ಹಾಕಿದ ರೋಲು ದೀಪಾವಳಿ ದಾಟುತ್ತಿತ್ತು. ಹಾಗಾಗಿ ಒಂದೇ ರೋಲಿನಲ್ಲಿ ಯುಗಾದಿಯ ಹೋಳಿಗೆ ಪಂಕ್ತಿ, ಮಾರಿದ ಎತ್ತು, ಯಾರದೋ ಸೀಮಂತ, ಆಯುಧಪೂಜೆಯ ಸೈಕಲ್ಲು ಎಲ್ಲ ಇವೆ. ಹನ್ನೆರಡರಲ್ಲಿ ಒಂದು ಕಡ್ಡಾಯವಾಗಿ ಮಾವನವರ ಹೆಬ್ಬೆರಳು. ಆ ರೋಲು ಬರುತ್ತಿದ್ದದ್ದೂ ಅವರ ಮನೆ ಮುಂದಿನ ರಸ್ತೆಯ ಆ ತುದಿಯಿಂದಲೇ. ಬಂಡೀಪುರ ದಾಟಿ ಘಾಟಿ ಹತ್ತಿದರೆ ಊಟಿ. ಅಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ 1967ರಿಂದ ‘ಇಂದು’ ಹೆಸರಿನ ಫಿಲ್ಮು ತಯಾರಿಸುತ್ತಿತ್ತು. ಚಳಿಯ ಊರಲ್ಲಿ ಹುಟ್ಟಿದ ಆ ಫಿಲ್ಮು ಗುಂಡ್ಲುಪೇಟೆಗೆ ಇಳಿದು ಕ್ಯಾಮೆರಾ ಹೊಕ್ಕು, ಬೇಸಿಗೆಯಲ್ಲಿ ಟೂರೆಂದು ಮತ್ತೆ ಊಟಿಗೇ ಹತ್ತಿ, ಬೊಟಾನಿಕಲ್ ಗಾರ್ಡನ್ನಿನ ಹುಲ್ಲಿನ ಮೇಲೆ ಇಡೀ ವಂಶವನ್ನು ಮಫ್ಲರ್ ಸಮೇತ ಕೂರಿಸಿಕೊಂಡು ವಾಪಸು ಬಂದಿದೆ.

ಕಪ್ಪುಬಿಳುಪಿನ ಜನ ಗಟ್ಟಿ. ಆ ಫೋಟೊಗಳಲ್ಲಿರುವುದು ಬೆಳ್ಳಿಯ ಕಣ. ಹೆಚ್ಚೆಂದರೆ ಅಂಚಿನಲ್ಲಿ ಒಂದಿಷ್ಟು ಹೊಳಪು ಮೂಡುತ್ತದೆ, ಮುಖ ಹಾಗೇ ಉಳಿಯುತ್ತದೆ. ಬಣ್ಣದ ಫೋಟೊದಲ್ಲಿರುವುದು ಬರೀ ರಂಗು, ಅದರಲ್ಲೂ ನೀಲಿಹಸಿರಿನ ಪಾಲು ಮೊದಲು ಮಾಸುತ್ತದೆ. ಅದಕ್ಕೇ ಎಂಬತ್ತರ ದಶಕದಲ್ಲಿ ಮದುವೆಯಾದ ನಮ್ಮ ಬಂಧುಗಳೆಲ್ಲ ಈಗ ಕೆಂಪಗಾಗಿದ್ದಾರೆ. ಅಜ್ಜಂದಿರು ನಮಗಿಂತ ಚೆನ್ನಾಗಿದ್ದಾರೆ ಎಂದು ಇದನ್ನು ಅತ್ತೆಗೆ ವಿವರಿಸಿದೆ. “ಅವ್ರು ಅವತ್ತೂ ಚೆನ್ನಾಗೇ ಇದ್ರು ಬುಡಿ” ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಎಲ್ಲಕ್ಕಿಂತ ಪೀಡೆ ಕೊಟ್ಟದ್ದು ಮ್ಯಾಗ್ನೆಟಿಕ್ ಆಲ್ಬಂ. ಹೆಸರಷ್ಟೇ ಮ್ಯಾಗ್ನೆಟಿಕ್, ಅದರಲ್ಲಿ ಅಯಸ್ಕಾಂತ ಇಲ್ಲ, ಇರುವುದು ಗೋಂದಿನ ಗೆರೆ. ವರ್ಷಗಳು ಕಳೆದಂತೆ ಗೋಂದು ಹಳದಿಯಾಗಿ ಫೋಟೊವನ್ನು ಕಚ್ಚಿ ಹಿಡಿಯುತ್ತದೆ. ಉಗುರಿಂದ ಎಬ್ಬಿಸಿದರೆ ಹರಿಯುತ್ತದೆ. ಹಲ್ಲಿನ ಸಂದಿ ಶುಚಿ ಮಾಡುವ ದಾರವನ್ನು ಫೋಟೊದ ಹಿಂದೆ ತೂರಿಸಿ ಮೆಲ್ಲಗೆ ಹಿಂದೆಮುಂದೆ ಎಳೆಯುವುದು ತಿಳಿದವರ ಕ್ರಮ. ಕೈಗವಸು ಹಾಕಿಕೊಂಡು, ನಾಲಗೆ ಕಚ್ಚಿ, ಅತ್ತೆಯ ಸೀಮಂತದ ಫೋಟೊ ಬಿಡಿಸುತ್ತಿದ್ದೆ. ಮಾವನವರ ಅಕ್ಕ, ಮನೆಯವರೆಲ್ಲ ದೊಡ್ಡತ್ತೆ ಎನ್ನುವ ಹಿರಿಯ ಜೀವ, ಮಂಚದ ಮೇಲೆ ಕೂತೇ ಇದನ್ನು ನೋಡಿ, “ಏನ್ರವ್ವಾ ಇದು, ಪೋಟಕ್ಕೂ ಹಲ್ಲುಜ್ತಾರಾ?” ಎಂದರು.

ಸ್ಕ್ಯಾನರ್ ಶುರುವಾದ ಮೇಲೆ ಅತ್ತೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. 600 ಡಿಪಿಐ ಎಂದರೆ ಅದು ಆಮೆನಡಿಗೆಯ ಕೆಲಸ. ಮುಚ್ಚಳದ ಸಂದಿಯಲ್ಲಿ ಬೆಳಕು ಆ ತುದಿಯಿಂದ ಈ ತುದಿಗೆ ಬಂದು ನಿಂತಾಗಲೆಲ್ಲ, “ಮಗುಚಿ ಹಾಕ್ಲಾ?” ಎಂದು ಕೇಳುತ್ತಿದ್ದರು. ಬೇಡ ಎಂದರೆ, “ಒಂದೇ ಕಡೆ ಸಾಕಾ?” ಅಂತ ಅನುಮಾನ. ಆಮೇಲೆ ನೋಡಿದರೆ ಅವರ ಮಾತೇ ಸರಿ. ಅರ್ಧಕ್ಕರ್ಧ ಫೋಟೊಗಳ ಬೆನ್ನಿನ ಮೇಲೆ ಪೆನ್ಸಿಲ್ಲಿನಲ್ಲಿ ಏನಾದರೊಂದು ಬರೆದಿತ್ತು. ಮಗುಚಿ ಹಾಕಿದೆವು.

ಲೆಕ್ಕ ಹಾಕಿ. ನಾಲ್ಕು ಅಂಗುಲ ಆರು ಅಂಗುಲದ ಫೋಟೊಗೆ 600ರಂತೆ 2400 ಅಡ್ಡ, 3600 ಉದ್ದ, ಒಟ್ಟು 86 ಲಕ್ಷ ಚುಕ್ಕಿ. ಹಿಂಡದೆ ಕುಗ್ಗಿಸದೆ ಟಿಫ್ ಕಡತವಾಗಿ ಇಟ್ಟರೆ ಒಂದಕ್ಕೆ ಸುಮಾರು 26 ಎಂಬಿ, ಸಾವಿರಕ್ಕೆ 26 ಜಿಬಿ. ಗೂಗಲ್ ಫೋಟೋಸಿನ ಅಳತೆಯಿಲ್ಲದ ಬಿಟ್ಟಿ ಜಾಗ 2021ರ ಜೂನ್ 1ಕ್ಕೆ ಮುಗಿದು 15 ಜಿಬಿಗೆ ನಿಂತಿದೆ. ಆ ಲೆಕ್ಕದಲ್ಲಿ ಮಾವನವರ ವಂಶ ಅಜ್ಜನ ತಮ್ಮಂದಿರವರೆಗೆ ಬಂದು ಅಲ್ಲಿಗೇ ಕಡಿದುಹೋಗಬೇಕು. ಹಾರ್ಡ್‌ಡಿಸ್ಕ್ ಕೊಂಡೆ. ಒಂದು ಕೆಟ್ಟರೆ ಇರಲಿ ಎಂದು ಇನ್ನೊಂದು ಕೊಂಡೆ. ಎರಡನೆಯದರ ಬೆಲೆ ಮನೆಯಲ್ಲಿ ಇವತ್ತಿಗೂ ಗೊತ್ತಿಲ್ಲ, ಈ ಲೇಖನ ಅಚ್ಚಾಗುವವರೆಗೆ.

600 ಡಿಪಿಐಯ ಅಪಾಯ ಜಾಗದ್ದಲ್ಲ, ಜೂಮಿನದ್ದು. ಹಾಳು ಫೋಟೊ ಅಂಗೈಯಗಲ ಇದ್ದಾಗ ಎಲ್ಲರೂ ಮರ್ಯಾದಸ್ಥರು. ಅಜ್ಜ ಸ್ಟುಡಿಯೋ ಪರದೆಯ ಮುಂದೆ ಕೋಟು ತೊಟ್ಟು, ಮಂಡಿಯ ಮೇಲೆ ಎಡಗೈ ಇಟ್ಟು, ವಾಚು ಕಾಣುವ ಹಾಗೆ ಕೂತಿದ್ದಾರೆ. ಅದು ಸಿಂಗಪುರದಿಂದ ತರಿಸಿದ ವಾಚು ಎಂದು ಮದುವೆಯಾದಾಗಿನಿಂದ ಕೇಳಿದ್ದೇನೆ. ದೊಡ್ಡ ಪರದೆಯಲ್ಲಿ ಜೂಮ್ ಮಾಡಿದೆ. ಅದೇ ವಾಚು ಅಜ್ಜನ ತಮ್ಮನ ಕೈಯಲ್ಲೂ ಇತ್ತು. ಮುಂದಿನ ತಲೆಮಾರಿನ ಮಾವನವರ ಕಾಲೇಜು ಫೋಟೊದಲ್ಲೂ ಅದೇ ವಾಚು, ಅದೇ ಕೋಟು, ಕೋಟಿನ ಎರಡನೇ ಗುಂಡಿಯ ಜಾಗದಲ್ಲಿ ಅದೇ ತೂತು. ಮೂವರ ವಾಚಿನಲ್ಲೂ ಗಂಟೆ ಹತ್ತೂಕಾಲು. ಕೋಟು, ವಾಚು, ಪಕ್ಕದ ಹೂದಾನಿ, ಅದರ ಪ್ಲಾಸ್ಟಿಕ್ ಗುಲಾಬಿ ಎಲ್ಲ ಸ್ಟುಡಿಯೋದವು. ಈ ಸಂಶೋಧನೆಯನ್ನು ನಾನು ಬಹಳ ಹೆಮ್ಮೆಯಿಂದ ಎಲ್ಲರ ಮುಂದೆ ಮಂಡಿಸಿದೆ. ಅವತ್ತು ರಾತ್ರಿ ನನಗೆ ಮುದ್ದೆಯ ಜೊತೆ ಉಪ್ಸಾರಿನ ಖಾರ ಬರಲಿಲ್ಲ.

ದಿನಾಂಕದ ಕಾಲಂ ಬೇರೆಯೇ ಕತೆ. ಫೋನು ತನ್ನ ಪಾಡಿಗೆ, ಸ್ಕ್ಯಾನ್ ಆದ ದಿನವನ್ನೇ ಹುಟ್ಟಿದ ದಿನ ಎಂದು ತಿಳಿದು, ಕಚ್ಚೆಪಂಚೆಯ ಮುತ್ತಜ್ಜನನ್ನು ಅವತ್ತು ಬೆಳಗ್ಗೆ ನಾನು ತೆಗೆದಿದ್ದ ಮಸಾಲೆದೋಸೆಯ ಪಕ್ಕ ಕೂರಿಸಿತ್ತು. ಸರಿಪಡಿಸಲು ದೊಡ್ಡತ್ತೆಯೇ ಗತಿ. ಅವರ ಪಂಚಾಂಗ ಒಮ್ಮೊಮ್ಮೆ ಗೆಜೆಟ್ಟಿಗಿಂತ ಖಚಿತ. “ಅಣ್ಣಾವ್ರು ಕಾಡ್ನಲ್ಲಿದ್ರಲ್ಲ, ಆಗ ತೆಗ್ಸಿದ್ದು ಕನಪ್ಪ” ಎಂದರೆ 2000ದ ಜುಲೈ 30ರಿಂದ ನವೆಂಬರ್ 15ರೊಳಗೆ, ಆ 108 ದಿನಗಳಲ್ಲಿ. ಅಣ್ಣಾವ್ರ ಅಪಹರಣವಾದ ಗಾಜನೂರು ನಮಗೆ ಪಕ್ಕದ ಊರು, ಆ ದಿನಗಳನ್ನು ಇಲ್ಲಿ ಯಾರೂ ಮರೆತಿಲ್ಲ. “ಜಿಲ್ಲೆ ಆದ ವರ್ಷ” ಎಂದರೆ 1997. “ರಾತ್ರಿ ಗಾಡಿ ಬುಡದ್ನ ನಿಲ್ಸಿದ್ಮೇಲ” ಎಂದರೆ 2009ರ ನಂತರ, ಬಂಡೀಪುರದ ಗೇಟು ಒಂಬತ್ತಕ್ಕೆ ಬೀಳತೊಡಗಿದ ಮೇಲೆ. ಆದರೆ ಒಮ್ಮೊಮ್ಮೆ ಇದೇ ದೊಡ್ಡತ್ತೆ, “ಕೆಂಪು ಹಸ ಎರಡ್ನೇ ಕರ ಹಾಕಿರ್ನಿಲ್ಲ ಆಗ” ಎಂದುಬಿಡುತ್ತಿದ್ದರು. ರಿಜಿಸ್ಟರಿನ ದಿನಾಂಕದ ಕಾಲಂನಲ್ಲಿ ನನ್ನದೇ ಕೈಬರಹದಲ್ಲಿ ‘ಕೆಂಪು ಹಸುವಿನ 2ನೇ ಕರುವಿಗೆ ಮುಂಚೆ’ ಎಂದಿದೆ.

‘ಫೋಟೊದಲ್ಲಿರುವವರು’ ಎಂಬ ಕಾಲಂ ತುಂಬಿಸಲು ನಾನು ಯಾರ ಮಗ ಯಾರು, ಯಾರಿಗೆ ಎಷ್ಟು ಮಕ್ಕಳು, ಈಗ ಎಲ್ಲಿದ್ದಾರೆ, ಜೀವಂತ ಇದ್ದಾರೋ ಇಲ್ಲವೋ ಎಂದು ಒಬ್ಬೊಬ್ಬರನ್ನೇ ಕೇಳಿ, ಬರೆದು, ಸಹಿ ಹಾಕಿಸಿಕೊಳ್ಳುತ್ತಿದ್ದೆ. ಬಾಣಗಳನ್ನು ಎಳೆದು ಒಂದು ವಂಶವೃಕ್ಷವನ್ನೂ ಬರೆದು ಗೋಡೆಗೆ ಅಂಟಿಸಿದೆ. ಕಂದಾಯ ಇಲಾಖೆಯ ಅಳಿಯ ಮಾವನ ಮನೆಯಲ್ಲಿ ಕೂತು ವಂಶವೃಕ್ಷ ಬರೆಯುತ್ತಿದ್ದಾನೆ ಎಂಬ ಸುದ್ದಿ ಬಂಧುಗಳ ಕಿವಿಗೆ ಹೇಗೆ ಬಿದ್ದೀತು ಎಂಬುದು ನನಗೆ ಹೊಳೆದಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, ಅದರ ಮೇಲೆ 2020ರ ಆಗಸ್ಟಿನ ಸುಪ್ರೀಂ ಕೋರ್ಟ್ ತೀರ್ಪು, ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. ಇದನ್ನು ಹಳ್ಳಿಯ ಮಕ್ಕಳೂ ಬಲ್ಲರು. ಬೆಂಗಳೂರಿನಲ್ಲಿರುವ ಹಿರಿಯ ಭಾವ, ಹಬ್ಬಕ್ಕೆ ಕರೆದರೂ ಬಾರದವರು, ಸೋಮವಾರ ಬೆಳಗ್ಗೆ ಆರು ಗಂಟೆಗೆ ಬಾಗಿಲಲ್ಲಿ ನಿಂತಿದ್ದರು. ಕಾಫಿ ಕುಡಿದು, ಗೋಡೆಯ ಕಡೆ ಒಂದು ಗಳಿಗೆ ನೋಡಿ, “ಭಾವನೋರೆ, ಬೇಕಾದ್ರೆ ನೇರವಾಗಿ ಕೇಳಬಹುದಿತ್ತು” ಎಂದರು.

“ಏನನ್ನ?”

“ಆ ಬಾಳೆತೋಟದ ಕಡೆಯ ಎರಡು ಎಕರೆ.”

ನಾನು ಡಿಪಿಐ ಎಂದರೇನು ಎಂಬಲ್ಲಿಂದ ಶುರು ಮಾಡಿದೆ. ಅವರು ಬಸ್ಸಿನ ಯಜಮಾನರಂತೆ ಎದ್ದು ಹೋಗಲಿಲ್ಲ, ಪೂರ್ತಿ ಕೇಳಿದರು. ಕೇಳಿ, “ಫೋಟೊದಲ್ಲಿ ಹಿಂದೆ ಬದು ಕಾಣ್ತಿದೆಯಲ್ಲ, ಅದು ಸಾಕ್ಷಿಗೆ ನಿಲ್ಲುತ್ತಾ?” ಎಂದರು. ನನ್ನ ಹೆಂಡತಿ ಒಳಗಿಂದ, “ಅಣ್ಣಾ, ಇವರ ಹೆಸರಿನಲ್ಲಿ ಎರಡು ಎಕರೆ ಇದ್ರೂ ಅದಕ್ಕೆ ರಿಜಿಸ್ಟರ್ ಬರೀತಾರೆ, ಬೇಸಾಯ ಮಾಡಲ್ಲ” ಎಂದ ಮೇಲೆ ಅವರಿಗೆ ಸಮಾಧಾನವಾಯಿತು. ಆದರೂ ಮಧ್ಯಾಹ್ನದ ಬಸ್ಸಿಗೆ ಹೊರಡುವ ಮೊದಲು ಹೊಲ ಇರುವ ಫೋಟೊಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತುಂಬಿಸಿಕೊಂಡರು.

ನಿಜವಾದ ಬಾಂಬು ನೆಗೆಟಿವ್ ಡಬ್ಬಿಯಲ್ಲಿತ್ತು. ನಮ್ಮ ಮದುವೆ 1998ರದು. ಅವತ್ತಿನಿಂದ ಚಿಕ್ಕಮಾವನವರು, ಎಂದರೆ ಮಾವನವರ ತಮ್ಮ, ವಧೂವರರ ಜೊತೆ ನಾವು ನಿಂತ ಫೋಟೊ ಎಲ್ಲಿ ಎಂದು ಕೇಳುತ್ತಲೇ ಬಂದವರು. ಆಲ್ಬಂ ಅಳಿಯನ ಮನೆಯಲ್ಲಿದೆ ಎಂದು ಮಾವನವರೂ, ಗುಂಡ್ಲುಪೇಟೆಯ ಟ್ರಂಕಿನಲ್ಲಿದೆ ಎಂದು ನಾನೂ ಹೇಳಿ ಕಾಲ ತಳ್ಳಿದ್ದೆವು. ಈಗ ಅವರೇ ಸಂಸಾರ ಸಮೇತ ಬಂದು ಕೂತರು. 35 ಮಿಲಿಮೀಟರಿನ ನೆಗೆಟಿವ್‌ಗೆ 600 ಸಾಲದು, 2400ಕ್ಕಾದರೂ ಏರಿಸಬೇಕು. ಹಿಂದಿನಿಂದ ಬೆಳಕೂ ಬೇಕು, ನನ್ನ ಸ್ಕ್ಯಾನರಿಗೆ ಆ ಭಾಗ್ಯ ಇರಲಿಲ್ಲ. ಭಾಮೈದನ ಟ್ಯಾಬಿನಲ್ಲಿ ಬರೀ ಬಿಳಿ ಪರದೆ ತೆರೆದು, ಮೇಲೆ ನೆಗೆಟಿವ್ ಇಟ್ಟು, ಫೋನಿನಲ್ಲಿ ಹೊಡೆದು ಬಣ್ಣ ತಿರುಗಿಸಿದೆ. ಭೂತಗಳೆಲ್ಲ ಒಬ್ಬೊಬ್ಬರಾಗಿ ನೆಂಟರಾದರು.

ಫಿಲ್ಮಿನ ಅಂಚಿನಲ್ಲಿ ಅಂಕಿ ಅಚ್ಚಾಗಿರುತ್ತದೆ. 20ರಲ್ಲಿ ಹಿರಿಯ ಭಾವ, 21ರಲ್ಲಿ ಸೋದರಮಾವನ ಸಂಸಾರ, 22ರಲ್ಲಿ ಶಾಲೆಯ ಹೆಡ್‌ಮಾಸ್ತರು. ಚಿಕ್ಕಮಾವ ಎದೆ ತಟ್ಟಿ ಹೇಳಿದರು, “ಹೆಡ್‌ಮಾಸ್ತರ ಮುಂದೆಯೇ ನಾವು ನಿಂತಿದ್ದು. ಫ್ಲಾಶ್ ಹೊಡೀತು, ನನ್ನ ಕಣ್ಣು ಕುಕ್ಕಿತು.” ಹೊಡೆದದ್ದು ನಿಜ. ಹೊಡೆದದ್ದು ಫ್ಲಾಶ್ ಮಾತ್ರ. ರೋಲು ಉಳಿಸಲು ಕೆಲವು ನೆಂಟರಿಗೆ ಬರೀ ಬೆಳಕು ಹೊಡೆದು ಕಳಿಸುವುದು ಆ ಕಾಲದ ಮದುವೆಮನೆಗಳ ಗುಟ್ಟು. ಯಾರಿಗೆ ಫಿಲ್ಮು, ಯಾರಿಗೆ ಬೆಳಕು ಎಂಬುದನ್ನು ಹೆಣ್ಣಿನ ತಂದೆ ಕಣ್ಸನ್ನೆಯಲ್ಲಿ ಹೇಳುತ್ತಿದ್ದರು. ಚಿಕ್ಕಮಾವ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ನಗುತ್ತಿದ್ದ ಅಣ್ಣನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅಣ್ಣ ಇಲ್ಲದಿರುವಾಗ ಅಣ್ಣನ ಅಳಿಯನೇ ವಾರಸುದಾರ. “ಒಂದು ಫ್ರೇಮು! ಒಂದೇ ಒಂದು ಫ್ರೇಮಿನ ಬೆಲೆ ಇಲ್ವಾ ನಮಗೆ?”

ಇದೇ ಹೊತ್ತಿಗೆ ಫೋನು ತನ್ನ ಜಾಣತನ ತೋರಿಸಿತು. ಹೊಸ ಚಿತ್ರಗಳನ್ನೆಲ್ಲ ಹೆಕ್ಕಿ ತಾನಾಗೇ ಒಂದು ವಿಡಿಯೋ ಹೊಲಿದು, ‘ಸಂಭ್ರಮದ ಕ್ಷಣಗಳು’ ಎಂದು ಹೆಸರಿಟ್ಟು, ಕುಣಿತದ ಸಂಗೀತದ ಜೊತೆ ಟಿಂಗ್ ಎಂದಿತು. ಮೊದಲ ಚಿತ್ರ, ತೀರಿಕೊಂಡ ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿ, ಗಲ್ಲಕ್ಕೆ ಬಟ್ಟೆ ಕಟ್ಟಿ, ಮಕ್ಕಳು ಮೊಮ್ಮಕ್ಕಳು ಸುತ್ತ ನಿಂತು ತೆಗೆಸಿದ್ದು. ಮೇಲಿಂದ ಬಣ್ಣಬಣ್ಣದ ಬಲೂನು ಇಳಿಯುತ್ತಿದ್ದವು. ದೊಡ್ಡತ್ತೆ ಮಾತ್ರ ಕನ್ನಡಕ ಸರಿಮಾಡಿಕೊಂಡು, “ಚೆನ್ನಾಗದ, ಇನ್ನೊಂದ್ಸಲ ಹಾಕಪ್ಪ” ಎಂದರು. ಅದಾದ ಮೇಲೆ ಫೋನು ಎರಡು ಮುಖ ಪಕ್ಕಪಕ್ಕ ಇಟ್ಟು, ಇವರಿಬ್ಬರೂ ಒಬ್ಬರೇನಾ ಎಂದು ಕೇಳಿತು. ಒಂದು ನಾನು, ಇನ್ನೊಂದು ಮಾವನವರು. ನನ್ನ ಹೆಂಡತಿ ಕ್ಷಣವೂ ಯೋಚಿಸದೆ ಹೌದು ಎಂದು ಒತ್ತಿದಳು.

ಚಿಕ್ಕಮಾವನ ಕೋಪ ಇಳಿಸಿದವನು ಸ್ಟುಡಿಯೋದ ಒಬ್ಬ ಹುಡುಗ. ಚಿಕ್ಕಮಾವ, ಚಿಕ್ಕತ್ತೆ ಇಬ್ಬರ ಚಿತ್ರವನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ 1998ರ ವೇದಿಕೆಯ ಮೇಲೆ ನಿಲ್ಲಿಸಿಕೊಟ್ಟ. ಸಿಕ್ಕಿದ್ದು ಮೊನ್ನೆ ಮೊನ್ನೆಯ ಚಿತ್ರವಾದ್ದರಿಂದ, ಬಾಸಿಂಗ ಕಟ್ಟಿದ ಕಡ್ಡಿದೇಹದ ನನ್ನ ಪಕ್ಕದಲ್ಲಿ ಚಿಕ್ಕಮಾವ ಈಗಿನ ಬಿಳಿ ಮೀಸೆಯಲ್ಲಿ, ಜೇಬಿನಲ್ಲಿ ದೊಡ್ಡ ಮೊಬೈಲ್ ಸಮೇತ ನಿಂತಿದ್ದಾರೆ. ಚಿಕ್ಕತ್ತೆ ಸಂತೋಷಕ್ಕೆ ಅತ್ತುಬಿಟ್ಟರು. ಫ್ರೇಮು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದ್ದಾರೆ.

ಅಲ್ಲಿಂದ ಶುರುವಾಯಿತು ಅರ್ಜಿಗಳ ಸುರಿಮಳೆ. ಬಿಟ್ಟುಹೋದ ಅಳಿಯನನ್ನು ಗೃಹಪ್ರವೇಶದಿಂದ ತೆಗೆಯಬೇಕು. ಅವನ ಕೈಯಲ್ಲಿದ್ದ ಬೆಳ್ಳಿ ತಟ್ಟೆಯನ್ನು ಮಾತ್ರ ಉಳಿಸಬೇಕು. ಹಿರಿಯ ಭಾವನಿಗೆ ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬರಬೇಕು. ಅಜ್ಜನ ವಾಚಿನಲ್ಲಿ ಗಂಟೆ ಬದಲಿಸಬೇಕು, ಅತ್ತೆಯದು ಇದೊಂದೇ ಕೋರಿಕೆ. ನಾನು ದಾಖಲೆಯ ಪಾವಿತ್ರ್ಯದ ಬಗ್ಗೆ ಒಂದು ಭಾಷಣ ಮಾಡಿ ಎಲ್ಲವನ್ನೂ ತಳ್ಳಿಹಾಕಿದೆ. ಅಷ್ಟರಲ್ಲಿ ರಿಜಿಸ್ಟರು ನನ್ನ ಕೈ ತಪ್ಪಿ ಹೆಂಡತಿಯ ಕೈ ಸೇರಿತ್ತು. ನನ್ನ ಅಕ್ಷರ ಯಾರಿಗೂ ಓದಲು ಬರುವುದಿಲ್ಲವಂತೆ.

ಕೊನೆಗೆ ಉಳಿದದ್ದು ನಮ್ಮಿಬ್ಬರ ಜಾತ್ರೆಯ ಫೋಟೊ. ಚಾಮರಾಜೇಶ್ವರನ ತೇರು ನಡೆಯುವುದು ಆಷಾಢದಲ್ಲಿ. ಹೊಸ ಸೊಸೆಯರು ತವರಿನಲ್ಲಿರುವ ಆ ತಿಂಗಳಲ್ಲಿ ಹೊಸ ಜೋಡಿಗಳು ಒಬ್ಬರನ್ನೊಬ್ಬರು ಕಾಣುವುದೇ ತೇರಿನ ದಿನ, ತೇರಿಗೆ ಹಣ್ಣುಜವನ ಎಸೆಯುವ ನೆಪದಲ್ಲಿ. 1998ರಲ್ಲಿ ಇವಳು ಗುಂಡ್ಲುಪೇಟೆಯಿಂದ ಬಂದಳು, ನಾನು ಮನೆಯಿಂದ ನಡೆದು ಹೋದೆ. ಜಾತ್ರೆಯ ಫೋಟೊದವನು ನಿಲ್ಲಿಸಿ ಹೊಡೆದ. ಹಿಂದೆ ಕಾಣುವುದು ಹಳೆಯ ತೇರು. 2017ರಲ್ಲಿ ಅದಕ್ಕೆ ಬೆಂಕಿ ಬಿತ್ತು, ಹೊಸದು ಸಿದ್ಧವಾಗಿ ಮತ್ತೆ ತೇರು ಎಳೆದದ್ದು 2022ರಲ್ಲಿ. ಆದ್ದರಿಂದ ಈ ಫೋಟೊಗೆ ಐತಿಹಾಸಿಕ ಮಹತ್ವವಿದೆ ಎಂದು ನಾನೇ ಷರಾ ಬರೆಸಿದೆ. 600ರಲ್ಲಿ ಅದು ಪರದೆಯ ತುಂಬ ತೆರೆದುಕೊಂಡಿತು. ಎಷ್ಟೋ ದಿನದ ಮೇಲೆ ಗಂಡನನ್ನು ಕಂಡ ಹುಡುಗಿ ಗಂಡನನ್ನೇ ನೋಡುತ್ತಿದ್ದಾಳೆ. ಗಂಡ ಎಲ್ಲಿ ನೋಡುತ್ತಿದ್ದಾನೆ ಎಂಬುದು ಇಷ್ಟು ವರ್ಷ ವಾದದ ವಿಷಯವಾಗಿತ್ತು. ನಾನು ತೇರು ಎನ್ನುತ್ತಿದ್ದೆ. ತೇರು ನನ್ನ ಬೆನ್ನ ಹಿಂದಿದೆ. ಕಣ್ಣು ಹೊರಳಿರುವ ದಿಕ್ಕಿನ ಅಂಚಿನಲ್ಲಿ, ಮೊದಲು ಮಸುಕಾಗಿದ್ದದ್ದು ಈಗ ಸ್ಪಷ್ಟವಾಗಿ ಮೆಣಸಿನಕಾಯಿ ಬಜ್ಜಿಯ ಬಾಂಡಲಿ.

ನಾನು ಮೆಲ್ಲಗೆ, ಆ ಸ್ಟುಡಿಯೋ ಹುಡುಗನಿಗೆ ಹೇಳಿದರೆ ಎರಡು ಕಣ್ಣುಗುಡ್ಡೆಯನ್ನು ಸ್ವಲ್ಪ ಈಚೆ ಸರಿಸಿಕೊಡುತ್ತಾನಲ್ಲವೇ ಎಂದೆ.

ಅವಳು ರಿಜಿಸ್ಟರಿನ ಮೊದಲ ಪುಟ ತೆರೆದು, ಕೆಂಪು ಶಾಯಿಯ ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದಳು. ಆಮೇಲೆ ಷರಾ ಕಾಲಂನಲ್ಲಿ ‘ವರನ ದೃಷ್ಟಿ: ಬಜ್ಜಿ’ ಎಂದು ದುಂಡಗೆ ಬರೆದು, ಗುರುತಿಸಿದವರ ಸಹಿಗೆ ದೊಡ್ಡತ್ತೆಯನ್ನು ಕೂಗಿದಳು.